ಮುಳ್ಳು ಹಾರುವ ಜಾಗ

ಆರು ಜನ ಸೇರಿ ಕೊಂಡದ್ದು.
ಮೂವತ್ತೆರಡು ಶಿಲ್ಲಿಂಗು, ಮೇಲೆ ಆರು ಪೆನ್ನಿ.
ಅರವತ್ತೇಳರ ಅಕ್ಟೋಬರು, ಗ್ರಿಮ್ಸ್‌ಬಿ ಬಂದರು.
ನಾರ್ಮಳ ಪಾಲಿನ ಚಿಲ್ಲರೆಗೆ ಮೀನಿನ ವಾಸನೆಯೆಂದು
ಅಂಗಡಿಯವನು ಮೂಗು ಮುರಿದಿದ್ದ.

ರಟ್ಟಿನ ಮೇಲೆ ನಾಲ್ವರು ಹುಡುಗರು,
ನೀರಿಲ್ಲದ ಈಜುಕೊಳದಲ್ಲಿ ಕೊಡೆ ಬಿಚ್ಚಿ ಕೂತವರು.
ಯಾಕೆ ಅಂತ ಅವರಿಗೂ ಗೊತ್ತಿರಲಿಕ್ಕಿಲ್ಲ.
ನಮಗೆ ಗೊತ್ತಿತ್ತು. ಹದಿನಾರನೇ ವಯಸ್ಸಿಗೆ
ಎಲ್ಲವೂ ಗೊತ್ತಿರುತ್ತದೆ.

ವಾರಕ್ಕೊಬ್ಬರ ಮನೆ, ಸರದಿಯ ಮೇಲೆ.
ಡಗ್ಲಸ್‌ನ ಮನೆಯಲ್ಲಿ ಅವನಪ್ಪ ಕಡಲಿಗೆ ಹೋದಾಗ ಮಾತ್ರ.
ಗ್ಲೆನಿಸ್‌ಳಲ್ಲಿ ದನಿ ತಗ್ಗಿಸಿ: ಗೋಡೆಯಾಚೆ ಪಾದ್ರಿ,
ಅವನೂ ಗೋಡೆಗೆ ಕಿವಿ ಹಚ್ಚುತ್ತಿದ್ದನೆಂದು
ಬಹಳ ವರ್ಷದ ಮೇಲೆ ಒಪ್ಪಿಕೊಂಡ.

ಎರಡನೇ ಮಗ್ಗುಲು, ಮೂರನೇ ಹಾಡು.
ಅಲ್ಲೊಂದು ಗೀರು. ತಂದ ಮೂರನೇ ದಿನಕ್ಕೇ.
‘ನಿನ್ನ ಬಾಗಿಲ ಹೊರಗೆ ನಾನಿಟ್ಟು ಬಂದೆ—’
ಟಕ್.
ಮುಳ್ಳು ಹಾರಿ ಮುಂದಿನ ಸಾಲಿನ ನಡುವಿಗೆ ಬೀಳುತ್ತದೆ,
ಚರಂಡಿ ದಾಟುವ ಹುಡುಗನ ಹಾಗೆ,
ಒಂದು ಕಾಲು ಒದ್ದೆ.

ಏನನ್ನು ಇಟ್ಟು ಬಂದ?
ಹೃದಯ, ಅಂತಾಳೆ ನಾರ್ಮ, ಅಂದಿನಿಂದ ಇಂದಿನವರೆಗೂ.
ಬೂಟು, ಅಂದ ಡಗ್ಲಸ್. ಅವನಿಗೆ ಆಗ ಒಳ್ಳೆ ಬೂಟಿರಲಿಲ್ಲ.
ಗ್ಲೆನಿಸ್ ಕಾಗದವೆಂದಳು, ಅರಗಿನ ಮೊಹರು ಒತ್ತಿದ್ದು.
ಮದುವೆಯಾದ ಮೇಲೆ, ಒಡೆದು ಓದಿದ ಕಾಗದವೆಂದಳು.
ಆಮೇಲೆ ಬಿಟ್ಟೇಬಿಟ್ಟಳು,
ಗಂಡನನ್ನು. ಕಾಗದವನ್ನಲ್ಲ.
ಟ್ರೆವರ್ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.
ಬೆರಿಲ್ ಏನೂ ಹೇಳಲಿಲ್ಲ.

ತಟ್ಟೆ ಮಾಡಿದ ಕಂಪನಿ ಮುಳುಗಿತು.
ಕೊಡೆಯ ಹುಡುಗರಲ್ಲೊಬ್ಬ ಉತ್ತರದಲ್ಲೆಲ್ಲೋ
ಪಿಯಾನೋ ರಿಪೇರಿ ಮಾಡುತ್ತಾನೆಂದು ಸುದ್ದಿ.
ಇನ್ನೊಂದು ಪ್ರತಿ ಸಿಗಲಿಲ್ಲ. ನಿಜ ಹೇಳಬೇಕೆಂದರೆ
ನಾವು ಹುಡುಕಲೂ ಇಲ್ಲ.
ಮೀನು ತೀರಿತು. ಹಡಗುಗಳನ್ನು ತೂಕಕ್ಕೆ ಹಾಕಿದರು.
ಮೀನಿಗೆ ಹೊಗೆ ಕೊಡುತ್ತಿದ್ದ ಮನೆಗಳ ಚಿಮಣಿಯಲ್ಲಿ
ಕಡಲಹಕ್ಕಿ ಸಂಸಾರ ಹೂಡಿತು.
ಅಕ್ಟೋಬರಿನ ಎರಡನೇ ಶನಿವಾರ ಮಾತ್ರ
ಪಬ್ಬಿನ ಮಹಡಿಗೆ ಹತ್ತುತ್ತೇವೆ,
ಈಗೀಗ ಮೆಟ್ಟಿಲಿಗೊಮ್ಮೆ ನಿಂತು,
ಹವಾಮಾನ ಮಾತಾಡುವ ನೆಪದಲ್ಲಿ.

ಹೋದ ವರ್ಷ ಡಗ್ಲಸ್‌ನ ಮೊಮ್ಮಗಳು ಶಾರ್ಲೀನ್
ಹೊಸ ತಟ್ಟೆ ತಂದಳು. ಮರುಮುದ್ರಣವಂತೆ.
‘ಈಗ ಇದು ಕ್ಲಾಸಿಕ್ಕು, ತಾತ’ ಅಂದಳು,
ನಮಗೇನೋ ಪಿಂಚಣಿ ಮಂಜೂರಾದ ಹಾಗೆ.
ಧೂಳಿಲ್ಲ, ಕರಕರವಿಲ್ಲ,
ಬಾಣಲೆಯಲ್ಲಿ ಈರುಳ್ಳಿ ಸಿಡಿವ ಸದ್ದಿಲ್ಲ.
‘ನಿನ್ನ ಬಾಗಿಲ ಹೊರಗೆ ನಾನಿಟ್ಟು ಬಂದೆ—’
ಟಕ್! ಎಂದೆವು ಐದೂ ಜನ ಒಟ್ಟಿಗೆ,
ಹಾರಿ ಆಚೆ ದಡದಲ್ಲಿ ನಿಂತೆವು.
ಹಾಡು ಹಾರಲಿಲ್ಲ.
ನಮ್ಮ ಬೆನ್ನ ಹಿಂದೆ, ಆತುರವಿಲ್ಲದೆ,
ಎರಡು ಬಾಟಲಿ ಹಾಲು ಇಟ್ಟು ಬಂತು.

ಹಾಲು.
ಐವತ್ತೇಳು ವರ್ಷ ನಾವು ಕಣ್ಣೊರೆಸಿಕೊಂಡದ್ದು
ಹಾಲಿನವನಿಗಾಗಿ.
ಟ್ರೆವರ್ ನಕ್ಕು ನಕ್ಕು ಕೆಮ್ಮಿದ.
‘ಹೊಸಬರು ತಿದ್ದಿದ್ದಾರೆ, ಹೃದಯವೇ ಇದ್ದದ್ದು’
ಎಂದು ನಾರ್ಮ ಕೈಚೀಲದ ಬಾಯಿ ಮುಚ್ಚಿದಳು.

ನಾನು ಗ್ಲಾಸು ನೋಡುತ್ತ ಕೂತೆ.
ಬೆರಿಲ್‌ಳ ಅಪ್ಪ ಬೀದಿಬೀದಿಗೆ ಹಾಲು ಹಾಕುತ್ತಿದ್ದ.
ಆ ಮೂರನೇ ದಿನ, ಆ ಸಾಲಿಗೆ, ಅವಳು ನಕ್ಕಿದ್ದಳು.
ನಗು ನೆನಪಿತ್ತು, ಯಾವ ಮಾತಿಗೆಂಬುದು ಅಳಿಸಿಹೋಗಿತ್ತು.
ಇನ್ನೊಮ್ಮೆ ನಗಲಿ ಎಂದು
ಎಲ್ಲರೂ ಚಹಕ್ಕೆ ಎದ್ದಾಗ ಮುಳ್ಳನ್ನು ಹಿಂದಕ್ಕಿಟ್ಟವನು ನಾನೇ.
ಕೈ ನಡುಗಿತು.
ಅವಳು ನೋಡಿದಳು. ಯಾರಿಗೂ ಹೇಳಲಿಲ್ಲ,
ಮೊನ್ನೆ ಮಾರ್ಚಿನಲ್ಲಿ ಮಣ್ಣಿಗಿಳಿಯುವವರೆಗೂ.

‘ಹಳೆಯದನ್ನೇ ಹಾಕು’ ಅಂದಳು ಗ್ಲೆನಿಸ್.
ಹಾಕಿದೆ. ಕೈ ಈಗಲೂ ನಡುಗುತ್ತದೆ,
ಡಾಕ್ಟರು ಅದಕ್ಕೊಂದು ಹೆಸರು ಕೊಟ್ಟಿದ್ದಾರೆ.
ನಾವು ಐವರೂ ಹಾರಿದೆವು, ಸರಿಯಾದ ಜಾಗದಲ್ಲಿ,
ಒಂದು ಕಾಲು ಒದ್ದೆ.
ಶಾರ್ಲೀನ್ ಮಾತ್ರ ಹಾರದೆ
ಈಚೆಯೇ ಉಳಿದಳು,
ಹಾಲಿನ ಪಕ್ಕದಲ್ಲಿ.