ಐದನೆಯದು

ಬೆಳಗಾವಿ ಕ್ಯಾಂಪಿನ ರೇಂಜು. ಮಂಜು ಇನ್ನೂ ಹರಿದಿಲ್ಲ.
ಗುರಿಯ ಕಾಗದ ಕಿತ್ತು ತಂದು ಮುಂದಿಟ್ಟೆ:
ದುಂಡು ತೂತಲ್ಲ,
ಕೀಲಿಯ ಕಂಡಿಯ ಹಾಗೆ ಉದ್ದುದ್ದ.
ಗುಂಡು ದಾರಿಯಲ್ಲೇ ಅಡ್ಡಾಗಿತ್ತು.

ಉಸಿರು, ಹೆಗಲು, ಕಣ್ಣು –
ತಿಂಗಳಿಡೀ ನನ್ನನ್ನೇ ದೂರಿದ್ದೆ.

ನಾಗೋಜಿ ಮುತಗೇಕರ, ಹಳೇ ಆರ್ಮರರ್,
ಏನೂ ಅನ್ನಲಿಲ್ಲ.
ಗಜದ ತುದಿಗೆ ಬಿಗಿಯಾಗಿ ಚಿಂದಿ ಸುತ್ತಿ
ನಳಿಗೆಯೊಳಗೆ ತಳ್ಳಿದ.
ಗಜದ ಮೇಲಿನ ಸುಣ್ಣದ ಗುರುತು
ಹೊರಳಿತು, ಕೆಳಗಿಳಿಯಿತು,
ತಿರುಗಿ ಮೇಲೆ ಬರುವಷ್ಟರಲ್ಲಿ
ಹದಿನಾಲ್ಕು ಇಂಚು.

"ಸಾವಕಾಶದ ನಳಿಗಿ ಇದು.
ನೀ ತುಂಬಿದ್ದು ಇನ್ನೂರು ಗ್ರೇನಿನ ಉದ್ದ ಮೂತಿದು.
ದೊಡ್ಡ ಬುಗರಿಗೆ ಎರಡ ಸುತ್ತು ಚಾಟಿ ಹಾಕಿದ್ರ
ತೂರಾಡದ ಏನ್ ಮಾಡತೈತವಾ?
ನಳಿಗಿ ಬದಲಸಾಕ ರೊಕ್ಕ ಬೇಕು.
ಗುಂಡು ಬದಲಸು."

ಕುಂದಾದ ಡಬ್ಬಿ ತೆರೆದು
ನೂರೈವತ್ತರವು ಐದು ಎಣಿಸಿ ಕೊಟ್ಟ.

ಕಾಗದ ಬಂತು.
ನಾಲ್ಕು ತೂತು ದುಂಡಗೆ,
ಒಂದರ ಅಂಚು ಒಂದು ಕಚ್ಚಿಕೊಂಡು
ಒಂದೇ ರೂಪಾಯಿಯಡಿ ಅಡಗುವಷ್ಟು.
ಐದನೆಯದು ಮಾತ್ರ ಎಡಕ್ಕೆ, ಬೇರೆ.

ಕನ್ನಡಕ ಏರಿಸಿ ನೋಡಿದ ಮಾಮಾ.
"ನಾಕು ಬಂದೂಕಿನವು.
ಇದೊಂದು ನಿಂದು."