ಘರ್ಷಣೆಯನ್ನು ಉಪೇಕ್ಷಿಸಿ

ಇಪ್ಪತ್ತಮೂರು ಉತ್ತರಪತ್ರಿಕೆ. ಒಂದರಿಂದ ಮಾತ್ರ
ಗ್ರೀಸಿನ ವಾಸನೆ.
ಹೆಸರು ನೋಡಬೇಕಾಗಿರಲಿಲ್ಲ.

ಜೂನ್ ತಿಂಗಳ ವಾಲ್ಪರೈಸೊ. ಹಗಲಿಗೇ ಕವಿದ ಮಂಜು
ರಾತ್ರಿಯೂ ಕದಲಿಲ್ಲ; ಬಂದರಿನಲ್ಲಿ ಹಡಗೊಂದು
ತಾನೆಲ್ಲಿದ್ದೇನೆಂದು ಕೂಗಿ ಕೂಗಿ ಕೇಳುತ್ತಿದೆ.
ಅಡುಗೆಮನೆಯ ಮೇಜಿಗೆ ಕೂತಿದ್ದೇನೆ,
ಕೆಂಪು ಪೆನ್ನು, ಆರಿದ ಚಹಾ,
ರಾತ್ರಿಶಾಲೆಯ ಭೌತಶಾಸ್ತ್ರದ ಮೇಷ್ಟ್ರು, ವಯಸ್ಸು ಇಪ್ಪತ್ತೇಳು,
ಸರಿ ಉತ್ತರಗಳೆಲ್ಲ ಪುಸ್ತಕದ ಕೊನೆಯ ಪುಟದಲ್ಲಿ
ಇದ್ದೇ ಇರುತ್ತವೆಂದು ನಂಬಿದವನು.

ಮೊದಲ ಪ್ರಶ್ನೆಯನ್ನು ಅವರಿಗೆಂದೇ ಕಟ್ಟಿದ್ದೆ:
ಗುಡ್ಡಕ್ಕೆ ಆತ ಹಳಿ, ಮೂವತ್ತು ಡಿಗ್ರಿ, ನಲವತ್ತು ಮೀಟರು.
ಒಂದೇ ಹಗ್ಗದ ಎರಡು ತುದಿಗೆ ಎರಡು ಬಂಡಿ,
ಇಳಿಯುವುದು ಎರಡು ಸಾವಿರದ ಆರುನೂರು ಕಿಲೊ,
ಏರುವುದು ಅದಕ್ಕಿಂತ ಇನ್ನೂರು ಕಡಿಮೆ.
ಮೋಟಾರು ಕಳಚಿದೆ. ಹಗ್ಗಕ್ಕೆ ತೂಕವಿಲ್ಲ.
ಗುರುತ್ವ ಹತ್ತೆಂದೇ ಇಟ್ಟುಕೊಳ್ಳಿ. ಘರ್ಷಣೆಯನ್ನು ಉಪೇಕ್ಷಿಸಿ.
ವೇಗೋತ್ಕರ್ಷ ಎಷ್ಟು?

(ಬೇಕರಿಯ ಹುಡುಗ 0.2 ಎಂದು ಬರೆದು
ಏಕಮಾನ ಮರೆತಿದ್ದ. ಅರ್ಧ ಅಂಕ.)

ದೋನ್ಯಾ ಎದೆಲ್ಮೀರಾ ಕಾತ್ರಿಲೆಯೊ, ಐವತ್ತಮೂರು ವರ್ಷ,
ಅದರಲ್ಲಿ ಇಪ್ಪತ್ತೊಂಬತ್ತು ಇಂಥದೇ ಬಂಡಿಯ ಬ್ರೇಕು ಹಿಡಿದು.
ಲೆಕ್ಕವನ್ನು ಒಪ್ಪವಾಗಿ ಮಾಡಿ 0.2 ಮುಟ್ಟಿ
ಅಲ್ಲಿ ನಿಲ್ಲದೆ ಮುಂದೆ ಹೋಗಿದ್ದರು:
ಇಪ್ಪತ್ತು ಸೆಕೆಂಡಿಗೆ ಕೆಳಗಿನ ಗೋಡೆ.
ಆಗ ವೇಗ ಸೆಕೆಂಡಿಗೆ ನಾಲ್ಕು ಮೀಟರು.
ಬಂಡಿಯಲ್ಲಿ ಶಾಲೆಮಕ್ಕಳಿರುತ್ತಾರೆ.
ಆಮೇಲೆ ಎಲ್ಲವನ್ನೂ ಒಂದೇ ಗೆರೆಯಲ್ಲಿ ಹೊಡೆದುಹಾಕಿ
ಕೆಳಗೆ, ಅಡಿಗೆರೆ ಸಮೇತ:
ವೇಗೋತ್ಕರ್ಷ ಸೊನ್ನೆ. ಕಾರಣ, ನಾನಿದ್ದೇನೆ.

ತಪ್ಪು ಗುರುತು ಹಾಕಿದೆ. ಹಾಕಿದ್ದು
ಯಾಕೋ ನನ್ನ ಕೈಯ ಹಾಗೆ ಕಾಣಲಿಲ್ಲ.

ಎರಡನೆಯದು ವಿದ್ಯುತ್ತು. ತಂತಿಗೆ ರೋಧವಿಲ್ಲವೆಂದು ಭಾವಿಸಿ.
ಭಾವಿಸಿದ್ದರು; ಪೂರ್ಣ ಅಂಕ. ಅಂಚಿನಲ್ಲಿ ಪೆನ್ಸಿಲು:
ಹಾಗಾದರೆ, ಮೇಲಿನ ಮನೆಯವರು ಇಸ್ತ್ರಿಗೆ ಕೂತರೆ
ನಮ್ಮ ಬಲ್ಬು ಕುಗ್ಗುವುದು ಯಾಕೆ?

ಮೂರನೆಯದು ಅಯೊಡಿನ್ ನೂರಮೂವತ್ತೊಂದು,
ಅರ್ಧಾಯು ಎಂಟು ದಿನ. ಇಪ್ಪತ್ತನಾಲ್ಕಕ್ಕೆ ಉಳಿದದ್ದೆಷ್ಟು?
ಎಂಟರಲ್ಲೊಂದು. ಹಂತಗಳೇ ಇಲ್ಲ, ಬರೀ ಉತ್ತರ.
ಯಾರನ್ನೋ ನೋಡಿ ಬರೆದರೇನೋ ಅಂದುಕೊಂಡೆ.
ಬೇಕರಿಯ ಹುಡುಗನೇ ಆಮೇಲೆ ಹೇಳಿದ:
ಅವರ ತಂಗಿ ಔಷಧಿ ಕುಡಿದು ಆಸ್ಪತ್ರೆಯಿಂದ ಬಂದು
ಮಗುವನ್ನು ಎತ್ತಿಕೊಳ್ಳುವಂತಿಲ್ಲದೆ
ಬಾಗಿಲಾಚೆ ಕೂತು ಕಥೆ ಹೇಳುತ್ತಿದ್ದ ದಿನಗಳನ್ನು
ಇವರು ಕ್ಯಾಲೆಂಡರಿನಲ್ಲಿ ಆಗಲೇ
ಅರ್ಧ, ಅರ್ಧದರ್ಧ ಮಾಡಿ ಮುಗಿಸಿದ್ದರಂತೆ.

ಬೆಳಿಗ್ಗೆ ಏಳಕ್ಕೆ ಮೇಲಿನ ನಿಲ್ದಾಣ. ಗಾಜಿನಾಚೆ ಅವರು,
ಎಡಗೈ ಬ್ರೇಕಿನ ಹಿಡಿಯ ಮೇಲೆ, ಬಲಗೈಯಲ್ಲಿ ಬ್ರೆಡ್ಡು.
ಕಿಂಡಿಯಲ್ಲಿ ಪತ್ರಿಕೆ ಚಾಚಿ
'ಅಂಕ ತಿದ್ದಿದ್ದೇನೆ, ನಿಮ್ಮ ಉತ್ತರವೇ ನಿಜ' ಎಂದೆ,
ದಾನ ಕೊಡುವವನ ಧಾಟಿಯಲ್ಲಿ. ನೆನೆದರೆ ಈಗ ನಾಚಿಕೆ.

ಓದಿದರು. ಕನ್ನಡಕ ಒರೆಸಿ ಮತ್ತೆ ಓದಿ
ಪತ್ರಿಕೆಯನ್ನು ನನ್ನತ್ತಲೇ ತಳ್ಳಿದರು.
'ಮೊದಲಿದ್ದ ಹಾಗೇ ಮಾಡಿ, ಮೇಷ್ಟ್ರೇ.
ಉಪೇಕ್ಷಿಸಿ ಅಂತ ಬರೆದಿತ್ತು, ನಾನು ಕೇಳಲಿಲ್ಲ.
ನನ್ನ ಬಂಡಿ ನನಗೆ ಗೊತ್ತು,
ಅದಕ್ಕೆ ರಾತ್ರಿ ನಿದ್ದೆಗೆಟ್ಟು ಬರುವುದ್ಯಾಕೆ?
ಸವೆಯದೆ, ಕಿರುಗುಟ್ಟದೆ ಓಡುವ ಆ ಇನ್ನೊಂದು ಬಂಡಿ
ಯಾವ ಊರಲ್ಲಿದೆಯೋ, ಅದನ್ನೊಮ್ಮೆ
ಕೊನೆತನಕ ಇಳಿಸಿ ನೋಡಬೇಕು.
ಬ್ರೇಕು ಮುಟ್ಟದೆ.'

ಗಂಟೆ ಹೊಡೆಯಿತು, ಹತ್ತಿದೆ.
ನಡುದಾರಿಯಲ್ಲಿ ಏರುವ ಬಂಡಿ ಪಕ್ಕಕ್ಕೆ ಬಂತು,
ಮಂಜಿನಲ್ಲಿ ಬರೀ ಮುಖಗಳು, ಒಂದು ಮಗು ಕೈಯೆತ್ತಿತು.
ಎಂಬತ್ತು ಸೆಕೆಂಡು. ಎಣಿಸಿದೆ.
ನಿಂತದ್ದು ಗೊತ್ತೇ ಆಗಲಿಲ್ಲ.

ಕೆಳಗಿನ ಮೆಟ್ಟಿಲ ಮೇಲೆ ಕೂತು
ತಿದ್ದಿದ್ದನ್ನು ಮತ್ತೆ ತಿದ್ದಿದೆ.
ಆಮೇಲೆ ಅಂಚಿನ ಪೆನ್ಸಿಲು ಸಾಲಿನ ಕೆಳಗೆ, ಕೆಂಪು ಬೇಡವೆನಿಸಿ,
ಪೆನ್ಸಿಲಿನಲ್ಲೇ ಬರೆಯತೊಡಗಿದೆ:
ತಂತಿಗೆ ರೋಧವಿದೆ, ದೋನ್ಯಾ ಎದೆಲ್ಮೀರಾ.
ನಾನು ಹೇಳಿರಲಿಲ್ಲ.