ಸಾಕು

ಕೋಯಿಪಾಡಿ ಕಡಪ್ಪುರದ ವಾಚನಾಲಯದಲ್ಲಿ
ಶನಿವಾರ ಸಂಜೆ ಸಾಕ್ಷ್ಯಚಿತ್ರ.
ಪರದೆ ಎಂದರೆ ದೇಯಕ್ಕನ ಬೆಡ್‌ಶೀಟು,
ಎಡತುದಿಯಲ್ಲೊಂದು ಹಳದಿ ಕಲೆ.
ಅಲ್ಲಿಗೆ ಬಂದಾಗೆಲ್ಲ ತಿಮಿಂಗಿಲಕ್ಕೆ ಅರಸಿನ ಹತ್ತುತ್ತಿತ್ತು.

ಚಿತ್ರದ ಮಾತು ಇಂಗ್ಲಿಷು. ಕನ್ನಡ ಮಾಡಿ ಹೇಳುವವಳು ನಾನು.
ಕೇಳುವವರ ಮನೆಮಾತು ತುಳು, ಮಲೆಯಾಳ, ಬ್ಯಾರಿ, ಕೊಂಕಣಿ,
ಒಬ್ಬರದು ಮರಾಟಿ.
ಮೊದಲ ಹೆಸರಿನಲ್ಲೇ ಎಡವಿದೆ,
ಕೊಲೆಗಾರ ತಿಮಿಂಗಿಲ ಅಂದೆ.
"ಯಾರನ್ನು ಕೊಂದದ್ದು?"
ಲೋಕು ಸಾಲಿಯಾನ್ ಕಿವಿಯ ಬೀಡಿ ತೆಗೆಯುತ್ತ ಕೇಳಿದರು.
ಕಡಲಲ್ಲಿ ಯಾರನ್ನೂ ಇಲ್ಲ, ಕೊಳಕ್ಕೆ ತಂದ ಮೇಲೆ, ಅಂದೆ.
"ಹಾಗಾದರೆ ಹೆಸರು ಕೊಳದ್ದು"
ಬೀಡಿ ಮರಳಿ ಕಿವಿಗೆ ಹೋಯಿತು.

ಯಾವುದೋ ಚಳಿ ದೇಶದ ಕೊಲ್ಲಿ. ದೋಣಿಗಳು.
ಬಲೆ ಸುತ್ತು ಹಾಕುತ್ತಿದೆ, ಮರಿಗಳು ಒಳಗೆ,
ತಾಯಂದಿರು ಹೊರಗೆ,
ದಾರಿ ತೆರೆದಿದ್ದರೂ ಹೋಗದೆ ನಿಂತಿದ್ದಾವೆ.
ಲೋಕು ಎದ್ದು ನಿಂತರು.
ನಲವತ್ತು ವರ್ಷ ರಂಪಣಿ ಎಳೆದ ಕೈ.
"ಬಲಗಡೆ ಸಡಿಲ ಬಿಡಿ ಮಾರಾಯ್ರೇ, ಬಲಗಡೆ!"
ಬೆಡ್‌ಶೀಟಿಗೆ ಹೇಳಿದರು.
ಯಾರೂ ನಗಲಿಲ್ಲ.

ಆಮೇಲೆ ಕೊಳ ಬಂತು, ನೀಲಿ ಬಳಿದ ಸಿಮೆಂಟು.
"ಇಪ್ಪತ್ತು ವರ್ಷ ಇಲ್ಲೇ ಸಾಕಿದರು" ಎಂದೆ.
ಏಳನೇ ಕ್ಲಾಸಿನ ಮಿಸ್ರಿಯ ಕೈ ಎತ್ತಿದಳು:
"ಟೀಚರ್, ಸಾಕುವುದು ಅಂದರೆ
ಸಾಕು ಅನ್ನುವುದಾ? ಯಾರು ಅನ್ನುವುದು?"
ಬಾಯಿ ತೆರೆದೆ. ಕರೆಂಟು ಹೋಯಿತು.

ಕತ್ತಲಲ್ಲಿ ಕಡಲು ಹತ್ತಿರ ಬಂದು ಕೂತಿತು.
ಹಿಂದಿನ ಬೆಂಚಿನಿಂದ ಅಂದುಂಞಿ ಮಾತಾಡತೊಡಗಿದರು,
ಯಾರ ಅಪ್ಪಣೆಯೂ ಕೇಳದೆ.

"ಹದಿನಾರು ವರ್ಷ ಗಲ್ಫಿನಲ್ಲಿ ನಾನು ಪಂಪ್‌ಹೌಸಿನಲ್ಲಿದ್ದೆ.
ಊರಲ್ಲಿ ಕೇಳಿದವರಿಗೆ ಕಡಲಿನ ಕೆಲಸ ಅಂದೆ. ಸುಳ್ಳಲ್ಲ.
ಬೆಳಿಗ್ಗೆ ಐದಕ್ಕೆ ಚೀಲ ಬಿಚ್ಚಿ ನೀರಿಗೆ ಉಪ್ಪು ಸುರಿಯುವುದು,
ಇಪ್ಪತ್ತೈದು ಕಿಲೋದ ಚೀಲ, ಆಮೇಲೆ ಕ್ಲೋರಿನ್.
ನಾಲಗೆಗೆ ಹನಿ ಇಟ್ಟು ನೋಡಿದರೆ
ಉಪ್ಪು ಸರಿ ಇರುತ್ತಿತ್ತು, ಕಡಲು ಇರುತ್ತಿರಲಿಲ್ಲ.
ಎರಡು ಕಡಲಹಂದಿ. ಈ ಚಿತ್ರದವುಗಳಷ್ಟು ದೊಡ್ಡವಲ್ಲ,
ನಮ್ಮ ಬಲೆಗೆ ಬಂದರೆ ಬಿಟ್ಟುಬಿಡುತ್ತೇವಲ್ಲ, ಆ ಜಾತಿ.
ಕೊಳ ಹದಿನೇಳು ಮಾರು. ನಾನೇ ಹಗ್ಗ ಹಿಡಿದು ಅಳೆದದ್ದು.
ಗಂಡು ಸತ್ತಿತು.
ಹೆಣ್ಣು ಗೋಡೆಯ ಹತ್ತಿರ ಬಂದು ನಿಲ್ಲುವುದು,
ಪಂಪು ಗುಂಯ್‌ಗುಡುವ ಕಡೆ.
ಆಚೆ ಯಾರೋ ಇದ್ದಾರೆ ಅಂತ ಅದಕ್ಕೆ.
ಟ್ರೈನರ್ ರಜೆಯಲ್ಲಿದ್ದರೆ ಮೀನು ಹಾಕುವುದು ನಾನು,
ಬಂಗುಡೆಯ ಕಿವಿರಲ್ಲಿ ಮಾತ್ರೆ ಸಿಕ್ಕಿಸಿ.
ಒಂದು ದಿನ ಅದು ನುಂಗಲಿಲ್ಲ.
ಬಾಯಲ್ಲಿ ಹಿಡಿದು ಮೇಲೆ ಬಂದು
ನನ್ನ ಅಂಗೈಗೇ ಇಟ್ಟಿತು, ಹಲ್ಲು ತಾಗದ ಹಾಗೆ.
ನಾನಾಗ ತುಂಬ ತೆಳ್ಳಗಿದ್ದೆ."

ಕೆಮ್ಮಿದರು. ಯಾರೋ ಬೆಂಕಿಕಡ್ಡಿ ಗೀರಿ, ಹಚ್ಚದೆ ಆರಿಸಿದರು.

"ಆ ರಾತ್ರಿ ಹತ್ತು ನಿಮಿಷ ಪಂಪು ನಿಲ್ಲಿಸಿದೆ,
ಕೇಳಲಿ ಅಂತ.
ಏನು ಕೇಳಲಿ ಅಂತ, ಅದು ಗೊತ್ತಿಲ್ಲ.
ಎರಡು ದಿನದ ಸಂಬಳ ಹಿಡಿದರು."

ಕರೆಂಟು ಬಂತು. ಬೆಡ್‌ಶೀಟಿನ ತುಂಬ
ಸಾವಿರ ಜನ ಚಪ್ಪಾಳೆ ತಟ್ಟುತ್ತಿದ್ದರು.
ಮುಂದೆ ಚಾಪೆಯಲ್ಲಿದ್ದ ಪುಟ್ಟ ಮಕ್ಕಳಿಬ್ಬರು ಸೇರಿಕೊಂಡರು,
ನೆಗೆತ ಅಷ್ಟು ಚೆನ್ನಾಗಿತ್ತು, ಏನು ಮಾಡುವುದು.
ಉಳಿದ ಅರ್ಧ ಗಂಟೆ
ನನ್ನ ಕನ್ನಡವಿಲ್ಲದೆಯೇ ಓಡಿತು.

ರಾತ್ರಿ ರಿಜಿಸ್ಟರಿನಲ್ಲಿ ಬರೆದೆ:
ಹಾಜರಿ ನಲವತ್ತೊಂದು.
ಚಹಾ ಇಪ್ಪತ್ತೆಂಟು, ಉಳಿದವರು ಕುಡಿಯದೆ ಹೋದರು.
ಅನುವಾದ ಅರ್ಧ.
ಮಿಸ್ರಿಯಳ ಪ್ರಶ್ನೆ ಬಾಕಿ.
ಬೆಡ್‌ಶೀಟು ದೇಯಕ್ಕನಿಗೆ ವಾಪಸ್,
ಒಗೆದು ಕೊಡಬೇಕು.